ಬ್ರೇಕ್ ಸರಿಯಿಲ್ಲ ಎಂದು ಹೇಳಿದ ಚಾಲಕನಿಗೆ ಏನಾಗುತ್ತದೆ?

ನಮ್ಮೂರಿಗೆ ರಾತ್ರಿ ಒಂಬತ್ತೂವರೆಗೆ ಬರುತ್ತಿದ್ದ ಕೊನೆಯ ಬಸ್ಸು ಅಲ್ಲೇ ನಿಲ್ಲುತ್ತಿತ್ತು. ಬೆಳಗ್ಗೆ ಐದೂಮುಕ್ಕಾಲಿಗೆ ಮತ್ತೆ ಹೊರಡುತ್ತಿತ್ತು. ನಾವು ಹಾಲ್ಟಿಂಗ್ ಬಸ್ಸು ಅನ್ನುತ್ತಿದ್ದೆವು, ಉತ್ತರ ಕರ್ನಾಟಕದ ಕಡೆ ಅದೇ ವಸ್ತಿ ಬಸ್ಸು. ಅರಳಿಕಟ್ಟೆ ಪಕ್ಕ ಬಸ್ಸು ನಿಲ್ಲಿಸಿ ಡ್ರೈವರ್ ಮುಂದಿನ ಉದ್ದ ಸೀಟಿನಲ್ಲಿ, ಕಂಡಕ್ಟರ್ ಹಿಂದಿನ ಸೀಟಿನಲ್ಲಿ ಮಲಗುತ್ತಿದ್ದರು. ಸೊಳ್ಳೆಗೆ ಹೆದರಿ ಕಿಟಕಿ ಎಲ್ಲ ಮುಚ್ಚಿಕೊಳ್ಳುತ್ತಿದ್ದರು. ಬೇಸಿಗೆಯಲ್ಲಂತೂ ಒಳಗೆ ಬೇಯುತ್ತಿತ್ತು. "ನಮ್ಮ ಜಗಲಿ ಮೇಲೆ ಮಲಗ್ರಪ್ಪ, ಗಾಳಿ ಬರುತ್ತೆ" ಎಂದು ಅಜ್ಜಿ ಕರೆದರೆ ಕಂಡಕ್ಟರ್ ತಲೆದಿಂಬಿನ ಹಾಗೆ ಇಟ್ಟುಕೊಂಡಿದ್ದ ಚರ್ಮದ ಬ್ಯಾಗ್ ತಟ್ಟಿ ತೋರಿಸುತ್ತಿದ್ದರು. "ಕಲೆಕ್ಷನ್ ದುಡ್ಡು ಐತಲ್ಲಮ್ಮಾ. ಹತ್ತು ರೂಪಾಯಿ ಕಮ್ಮಿ ಬಂದ್ರೂ ನನ್ ತಲೆಗೇ ಬರ್ತದೆ."

ಚಿಕ್ಕವರಾಗಿದ್ದಾಗ ನಮಗೆ ಅದು ಮಜಾ ಅನ್ನಿಸುತ್ತಿತ್ತು. ಬಸ್ಸಿನಲ್ಲೇ ಮಲಗುವುದು, ಊರಿನ ಬೋರ್‌ವೆಲ್ಲಿನಲ್ಲಿ ಮುಖ ತೊಳೆಯುವುದು!

2023ರ ಮಾರ್ಚ್ 10ರ ಬೆಳಗಿನ ಜಾವ ಬೆಂಗಳೂರಿನ ಲಿಂಗಧೀರನಹಳ್ಳಿಯಲ್ಲಿ ನಿಲ್ಲಿಸಿದ್ದ ಬಿಎಂಟಿಸಿ ಬಸ್ಸಿಗೆ ಬೆಂಕಿ ಹತ್ತಿತು. ಒಳಗೆ ಮಲಗಿದ್ದ ನಿರ್ವಾಹಕರು ಸುಟ್ಟು ಸತ್ತರು. ಅವರ ಜೊತೆಯ ಚಾಲಕ ನಿಲ್ದಾಣದ ವಿಶ್ರಾಂತಿ ಕೊಠಡಿಯಲ್ಲಿ ಮಲಗಿದ್ದರಿಂದ ಉಳಿದರು. ಆ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ಆ ಚರ್ಮದ ಬ್ಯಾಗು.

ಇಂಥ ಸಾವಿನ ನಂತರ ಯಾವ ಸಂಸ್ಥೆಯಲ್ಲಾದರೂ ಮೊದಲು ಬರುವ ಮಾತು ಒಂದೇ. ಕೊಠಡಿ ಇತ್ತಲ್ಲ, ಬಸ್ಸಿನಲ್ಲಿ ಯಾಕೆ ಮಲಗಿದರು? ಇದನ್ನು ಎರಡು ಥರ ಕೇಳಬಹುದು. ತಪ್ಪು ಯಾರದು ಎಂದು ತೀರ್ಮಾನಿಸಿ ಫೈಲು ಮುಚ್ಚಲು ಕೇಳಬಹುದು. ನಿಜವಾಗಿ ಉತ್ತರ ಬೇಕು ಎಂದೂ ಕೇಳಬಹುದು. ಹಾಸಿಗೆ ಇದ್ದೂ ಮನುಷ್ಯರು ಬಸ್ಸಿನ ಸೀಟನ್ನೇ ಆರಿಸಿಕೊಳ್ಳುತ್ತಾರೆ ಎಂದರೆ ಅದಕ್ಕೆ ಕಾರಣ ಇರಲೇಬೇಕು. ಕೊಠಡಿ ಕಿಕ್ಕಿರಿದಿದೆಯೇ? ತಿಗಣೆ ಇದೆಯೇ? ದುಡ್ಡು, ಟಿಕೆಟ್ ಯಂತ್ರ ಇಡಲು ಬೀಗದ ಕಪಾಟು ಇದೆಯೇ? ಬೆಳಗಿನ ಮೊದಲ ಟ್ರಿಪ್ ತಪ್ಪಿದರೆ ಮೆಮೊ ಬರುತ್ತದೆ ಎಂಬ ಭಯವೇ? ಸಾರಿಗೆ ಸಂಸ್ಥೆಯಲ್ಲಿ ಮನುಷ್ಯರನ್ನು ಮುಂದಿಟ್ಟುಕೊಂಡ ಸುರಕ್ಷತೆ ಎಂದರೆ ಈ ಎರಡನೇ ಥರದ ಕೇಳುವಿಕೆ. ಹೆಲ್ಮೆಟ್ಟು, ಪೋಸ್ಟರು, ಸುರಕ್ಷತಾ ಸಪ್ತಾಹದ ಪ್ರತಿಜ್ಞೆ ಎಲ್ಲ ಆಮೇಲಿನದು.

ಹಾಗೆ ನೋಡಿದರೆ ಕಾನೂನಿನಲ್ಲಿ ಇದಕ್ಕೆಲ್ಲ ಜಾಗ ಇಲ್ಲದೆ ಇಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಹಳ ಸ್ಪಷ್ಟವಾಗಿಯೇ ಹೇಳಿತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ದೂರದ ಮಾರ್ಗವಾದರೆ ಅನುಮತಿ ಪಡೆದು ದಿನಕ್ಕೆ 10, ವಾರಕ್ಕೆ 54. ಐದು ಗಂಟೆ ಸತತ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು. ಒಂದು ದಿನದ ಡ್ಯೂಟಿ ಮುಗಿದು ಮರುದಿನದ್ದು ಶುರುವಾಗುವ ನಡುವೆ ಕನಿಷ್ಠ 9 ಗಂಟೆ ವಿಶ್ರಾಂತಿ. ರಾತ್ರಿ ತಂಗಬೇಕಾದ ಜಾಗದಲ್ಲಿ ಗಾಳಿ ಬೆಳಕು ಇರುವ, ಚೊಕ್ಕಟವಾದ ಕೊಠಡಿ. ಈ ಕಾಯ್ದೆ ಈಗ 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿದೆ. ನಮ್ಮೂರ ಬಸ್ಸಿನ ಲೆಕ್ಕ ಹಾಕಿ ನೋಡಿ. ರಾತ್ರಿ ಒಂಬತ್ತೂವರೆಯಿಂದ ಬೆಳಗ್ಗೆ ಐದೂಮುಕ್ಕಾಲು ಎಂದರೆ ಎಂಟೂಕಾಲು ಗಂಟೆ. ಅದರಲ್ಲಿ ಊಟ, ದುಡ್ಡು ಎಣಿಸುವುದು, ಬೆಳಗ್ಗೆ ಎದ್ದು ಬಸ್ಸು ಒರೆಸುವುದು ಕಳೆದರೆ ಕಣ್ಣು ಮುಚ್ಚಿದ್ದು ಎಷ್ಟು ಹೊತ್ತು? ಕಾನೂನು ಮುರಿಯಬೇಕು ಎಂದು ಯಾರೂ ಬಯಸಿರಲಿಲ್ಲ. ಬಸ್ಸಿನ ಸಮಯವನ್ನು ಮೊದಲು ಬರೆದರು. ಮಿಕ್ಕಿದ್ದರಲ್ಲಿ ಮನುಷ್ಯರನ್ನು ಹೊಂದಿಸಿದರು, ಅಷ್ಟೇ.

ಇನ್ನು ಡಿಪೋ ಒಳಗೆ ಬನ್ನಿ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ನಮ್ಮ ನೆಂಟರೊಬ್ಬರು ಹೇಳಿದ ಒಂದು ಬೆಳಗಿನ ಕಥೆ ನನ್ನ ತಲೆಯಿಂದ ಹೋಗಿಲ್ಲ. ಯಾವ ಸಂಸ್ಥೆ, ಯಾವ ಡಿಪೋ ಎಂಬುದು ಬೇಡ. ಹಿಂದಿನ ರಾತ್ರಿ ಬಸ್ಸು ತಂದವರು ಲಾಗ್‌ಶೀಟಿನಲ್ಲಿ "ಬ್ರೇಕ್ ಹಿಡಿದರೆ ಎಡಕ್ಕೆ ಎಳೆಯುತ್ತದೆ" ಎಂದು ಬರೆದಿದ್ದರು. ಬೆಳಗ್ಗೆ ಅದರ ಮುಂದೆ "ನೋಡಲಾಗಿದೆ" ಎಂದಿತ್ತು. ಇವರು ಡಿಪೋ ಆವರಣದಲ್ಲೇ ಒಂದು ಸುತ್ತು ಓಡಿಸಿ ನೋಡಿದರು. ಎಳೆಯುತ್ತಲೇ ಇತ್ತು. ಮೆಕ್ಯಾನಿಕ್ ಹತ್ತಿರ ಹೋದರೆ ಅವರು ಮೆಲ್ಲಗೆ ಹೇಳಿದರಂತೆ: "ಅಣ್ಣಾ, ಸಾಮಾನು ಬಂದಿಲ್ಲ. ಅಡ್ಜಸ್ಟ್ ಮಾಡಿದೀನಿ. ನಿಧಾನಕ್ಕೆ ಹೋಗು, ಮಧ್ಯಾಹ್ನ ಬಂದಾಗ ನೋಡಾಣ." ಹೊರಗೆ ಬಸ್ಸಿಗೆ ಜನ ಕಾಯುತ್ತಿದ್ದರು. ಬದಲಿ ಬಸ್ಸು ಇರಲಿಲ್ಲ. ಟ್ರಿಪ್ ರದ್ದಾದರೆ ಘಟಕ ವ್ಯವಸ್ಥಾಪಕರು ಮೇಲಿನವರಿಗೆ ಉತ್ತರ ಕೊಡಬೇಕು.

"ಏನು ಮಾಡಿದ್ರಿ ಮಾಮ?" ಎಂದು ಕೇಳಿದೆ.

"ಹೋದೆ ಕಣಪ್ಪ. ಇನ್ನೇನು ಮಾಡ್ತಾರೆ? ಆವತ್ತು ಎಲ್ಲೂ ಐವತ್ತು ದಾಟಲಿಲ್ಲ. ಲೇಟಾಯ್ತು. ಅದಕ್ಕೂ ಬೈಸಿಕೊಂಡೆ."

ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಅಲ್ವಾ? ಬರೆದವರು ಬರೆದಿದ್ದಾರೆ, ಮೆಕ್ಯಾನಿಕ್ ಸುಳ್ಳು ಹೇಳಿಲ್ಲ, ಡಿಪೋದವರಿಗೆ ಜನರನ್ನು ಕಾಯಿಸಲು ಮನಸ್ಸಿಲ್ಲ. ಆದರೆ ಆ ದಿನ ಬಸ್ಸು ಯಾರಿಗಾದರೂ ಗುದ್ದಿದ್ದರೆ ಕೇಸು ಬೀಳುತ್ತಿದ್ದದ್ದು ಚಾಲಕನ ಮೇಲೆ ಮಾತ್ರ. ಈಗಿನ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಪ್ರಕಾರ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 5 ವರ್ಷದವರೆಗೂ ಜೈಲು. ಹಳೆಯ 304ಎ ಕಲಮಿನಲ್ಲಿ ಅದು 2 ವರ್ಷ ಇತ್ತು. ಲಾಗ್‌ಶೀಟು, ಬಾರದ ಸಾಮಾನು, ಇಲ್ಲದ ಬದಲಿ ಬಸ್ಸು ಇವ್ಯಾವುವೂ ಕಟಕಟೆಗೆ ಬರುವುದಿಲ್ಲ. ಭಾರವೆಲ್ಲ ಒಬ್ಬರ ಹೆಗಲಿಗೆ, ಬೇಡ ಅನ್ನುವ ಅಧಿಕಾರ ಮಾತ್ರ ಅವರಿಗಿಲ್ಲ.

ನನ್ನ ಪ್ರಕಾರ ಒಂದು ಡಿಪೋ ಎಷ್ಟು ಸುರಕ್ಷಿತ ಎಂದು ಅಳೆಯಲು ಒಂದು ಪ್ರಶ್ನೆ ಸಾಕು. ಬ್ರೇಕ್ ಸರಿಯಿಲ್ಲ, ನಾನು ಈ ಬಸ್ಸು ತೆಗೆಯುವುದಿಲ್ಲ ಎಂದು ಚಾಲಕ ಹೇಳಿದರೆ ಆ ದಿನ ಅವರಿಗೆ ಏನಾಗುತ್ತದೆ? ಹಾಜರಿ ಸಿಗುತ್ತದೆಯೇ? ಮುಂದಿನ ವಾರ ಒಳ್ಳೆಯ ಮಾರ್ಗದಿಂದ ಎತ್ತಿ ಕಷ್ಟದ ಮಾರ್ಗಕ್ಕೆ ಹಾಕುತ್ತಾರೆಯೇ?

ಹೇಳಲು ಹೆದರುವ ಜಾಗದಲ್ಲಿ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಅಮಗಾಸಾಕಿಗಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. 2005ರ ಏಪ್ರಿಲ್ 25. ಜೆಆರ್ ವೆಸ್ಟ್ ಕಂಪನಿಯ ರೈಲು ಓಡಿಸುತ್ತಿದ್ದವನು 23 ವರ್ಷದ ಹುಡುಗ. ಇತಾಮಿ ನಿಲ್ದಾಣದಲ್ಲಿ ರೈಲು ನಿಲ್ಲಬೇಕಾದ ಜಾಗ ದಾಟಿ ಸುಮಾರು 70 ಮೀಟರ್ ಮುಂದೆ ಹೋಯಿತು. ಹಿಂದೆ ತಂದು ನಿಲ್ಲಿಸುವಷ್ಟರಲ್ಲಿ ಒಂದು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ತಡವಾಯಿತು. ಆ ಕಂಪನಿಯಲ್ಲಿ ಇಂಥ ತಪ್ಪಿಗೆ "ನಿಕ್ಕಿನ್ ಕ್ಯೋಇಕು" ಎಂಬ ಮರುತರಬೇತಿ ಇತ್ತು. ಹೆಸರಿಗೆ ತರಬೇತಿ. ದಿನಗಟ್ಟಲೆ ತಪ್ಪೊಪ್ಪಿಗೆ ಬರೆಸುವುದು, ಎಲ್ಲರೆದುರು ಬೈಯುವುದು, ಹುಲ್ಲು ಕೀಳಿಸುವುದು ಎಲ್ಲ ಅದರಲ್ಲಿತ್ತು. ಆ ಹುಡುಗ ಹಿಂದೆ ಒಮ್ಮೆ ಅದನ್ನು ಅನುಭವಿಸಿದ್ದ. ದಾಟಿದ ದೂರವನ್ನು ಕಡಿಮೆ ಮಾಡಿ ಹೇಳು ಎಂದು ರೈಲಿನ ಕಂಡಕ್ಟರನ್ನು ಕೇಳಿಕೊಂಡ. ಕಂಡಕ್ಟರ್ ರೇಡಿಯೊದಲ್ಲಿ ಏನು ವರದಿ ಮಾಡುತ್ತಾನೆ ಎಂಬುದರ ಕಡೆಗೇ ಅವನ ಗಮನವೆಲ್ಲ ಇತ್ತು ಎಂಬುದು ತನಿಖೆಯ ಅಭಿಪ್ರಾಯ. ಗಂಟೆಗೆ 70 ಕಿಲೋಮೀಟರ್ ವೇಗದ ಮಿತಿ ಇದ್ದ ತಿರುವಿಗೆ ರೈಲು 116ರಲ್ಲಿ ನುಗ್ಗಿತು. ಹಳಿ ತಪ್ಪಿ ಒಂದು ಅಪಾರ್ಟ್‌ಮೆಂಟಿಗೆ ಬಡಿಯಿತು. ಅವನೂ ಸೇರಿ 107 ಜನ ಸತ್ತರು.

ಶಿಸ್ತಿಗೆಂದು ಇಟ್ಟ ಶಿಕ್ಷೆಯೇ ಗಮನವನ್ನು ಹಳಿಯಿಂದ ಎಳೆದುಬಿಟ್ಟಿತು. ಇದನ್ನು ಓದುವಾಗ ನಮ್ಮ ಮೆಮೊ, ಚಾರ್ಜ್‌ಶೀಟು, ಅಮಾನತುಗಳ ಪದ್ಧತಿ ಕಣ್ಣ ಮುಂದೆ ಬರುತ್ತದೆ. ಕುಡಿದು ಬಸ್ಸು ಹತ್ತಿದವರನ್ನು, ಮೊಬೈಲ್ ನೋಡುತ್ತಾ ಓಡಿಸುವವರನ್ನು ಸುಮ್ನೆ ಬಿಡಬೇಕು ಎಂದು ನಾನು ಹೇಳುತ್ತಿಲ್ಲ. ಅವರಿಗೆ ಶಿಕ್ಷೆ ಆಗಲೇಬೇಕು. ಆದರೆ ಬೇಕೆಂದೇ ಮಾಡಿದ ತಪ್ಪಿಗೂ, ಸುಸ್ತಾಗಿ ಆದ ತಪ್ಪಿಗೂ, ಕೆಟ್ಟ ಬಸ್ಸು ಕೊಟ್ಟಿದ್ದರಿಂದ ಆದ ತಪ್ಪಿಗೂ ಒಂದೇ ಮೆಮೊ ಹೋದರೆ ಕೆಳಗಿನವರು ಕಲಿಯುವುದು ಒಂದೇ ಪಾಠ. ಬಾಯಿ ಮುಚ್ಚಿಕೊಂಡಿರುವುದು.

ಕೆಎಸ್ಆರ್‌ಟಿಸಿಯಲ್ಲಿ ಅಪಘಾತ ಮಾಡದೆ 5 ವರ್ಷ ಓಡಿಸಿದವರಿಗೆ ಬೆಳ್ಳಿ ಪದಕ, 15 ವರ್ಷ ಓಡಿಸಿದವರಿಗೆ ಚಿನ್ನದ ಪದಕ ಕೊಡುತ್ತಾರೆ. ಒಳ್ಳೆಯ ಪದ್ಧತಿ ಅದು. ಆ ಪದಕವನ್ನು ಯೂನಿಫಾರ್ಮಿನ ಮೇಲೆ ಹಾಕಿಕೊಂಡು ಸ್ಟೀರಿಂಗ್ ಹಿಡಿಯುವವರ ಹೆಮ್ಮೆ ನೋಡಿದರೆ ಖುಷಿಯಾಗುತ್ತದೆ. ಅದರ ಜೊತೆಗೆ ಇನ್ನೊಂದು ಬೇಕು. ಅಪಘಾತ ಆಗಬೇಕಾಗಿತ್ತು, ಕೂದಲೆಳೆಯಲ್ಲಿ ತಪ್ಪಿತು ಎಂದು ಬಂದು ಹೇಳಿದವರಿಗೂ ಬೆನ್ನು ತಟ್ಟಬೇಕು. ಇಂಥ ಜಾಗದಲ್ಲಿ ಮಕ್ಕಳು ಅಡ್ಡ ಓಡುತ್ತಾರೆ, ಇಂಥ ತಿರುವಿನಲ್ಲಿ ಮರದ ಕೊಂಬೆ ಕನ್ನಡಿಗೆ ತಾಗುತ್ತದೆ, ಇಂಥ ಮಾದರಿಯ ಬಸ್ಸಿನಲ್ಲಿ ಮುಂದಿನ ಗಾಜಿನ ಪಕ್ಕದ ಕಂಬ ಅಡ್ಡ ಬಂದು ಎಡಗಡೆ ಬೈಕ್ ಕಾಣುವುದಿಲ್ಲ. ಇವೆಲ್ಲ ಗೊತ್ತಿರುವುದು ಸ್ಟೀರಿಂಗ್ ಹಿಂದೆ ಕೂತವರಿಗೆ ಮಾತ್ರ. ಬ್ರಿಟನ್ನಿನ ರೈಲ್ವೆಯಲ್ಲಿ 1996ರಿಂದ ಸಿರಾಸ್ ಎಂಬ ವ್ಯವಸ್ಥೆ ಇದೆ. ಸಿಬ್ಬಂದಿ ತಮ್ಮ ಹೆಸರು ಕಂಪನಿಗೆ ತಿಳಿಯದ ಹಾಗೆ ಹೊರಗಿನ ಸಂಸ್ಥೆಯೊಂದಕ್ಕೆ ಅಪಾಯದ ವಿಷಯ ತಿಳಿಸಬಹುದು. ಆ ಸಂಸ್ಥೆ ಕಂಪನಿಯಿಂದ ಉತ್ತರ ತರಿಸಿ ಹೇಳಿದವರಿಗೆ ಮುಟ್ಟಿಸುತ್ತದೆ. 2016ರಲ್ಲಿ ಅದು ಲಂಡನ್ನಿನ ಬಸ್ಸುಗಳಿಗೂ ಬಂತು. ಇದಕ್ಕೆ ದೊಡ್ಡ ಖರ್ಚೇನೂ ಬೇಡ. ಒಂದು ಫೋನ್ ನಂಬರು, ಗುಟ್ಟು ಕಾಪಾಡುವ ನಾಲ್ಕು ಜನ, ಉತ್ತರ ಕೊಡಲೇಬೇಕೆಂಬ ನಿಯಮ ಇದ್ದರೆ ನಡೆಯುತ್ತದೆ.

ಲಂಡನ್ ಸಾರಿಗೆ ಸಂಸ್ಥೆ ಇನ್ನೊಂದು ಕೆಲಸ ಮಾಡಿತು. ನಿಮಗೆ ನಿದ್ದೆ ಬರುತ್ತದೆಯೇ ಎಂದು ಚಾಲಕರನ್ನೇ ಕೇಳಿಸಿತು. ಲಫ್ಬರೊ ವಿಶ್ವವಿದ್ಯಾಲಯದ ಆ ಅಧ್ಯಯನ 2019ರಲ್ಲಿ ಹೊರಬಂತು. ಉತ್ತರ ಕೊಟ್ಟ ಚಾಲಕರಲ್ಲಿ ನೂರಕ್ಕೆ 21 ಜನ ವಾರಕ್ಕೆ ಎರಡು ಮೂರು ಸಲವಾದರೂ ಸ್ಟೀರಿಂಗ್ ಹಿಡಿದು ನಿದ್ದೆಯ ಜೊತೆ ಹೋರಾಡುತ್ತೇವೆ ಎಂದರು. ಹಿಂದಿನ ಒಂದು ವರ್ಷದಲ್ಲಿ ಓಡಿಸುತ್ತಿರುವಾಗಲೇ ಒಮ್ಮೆಯಾದರೂ ಕಣ್ಣು ಹತ್ತಿತ್ತು ಎಂದವರು ನೂರಕ್ಕೆ 17. ಸಂಸ್ಥೆ ಈ ಅಂಕಿಗಳನ್ನು ಬಚ್ಚಿಡಲಿಲ್ಲ. ನಮ್ಮ ರಾಜ್ಯದ ನಾಲ್ಕು ಸಾರಿಗೆ ನಿಗಮಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೆಲಸ ಮಾಡುತ್ತಾರೆ. ಇದೇ ಪ್ರಶ್ನೆಯನ್ನು ಅವರಿಗೆ ಕೇಳುವ ಧೈರ್ಯ ನಮಗೆ ಬರಬೇಕು.

ಅದೇ ಲಂಡನ್ನಿನಲ್ಲಿ 2018ರಲ್ಲಿ 42 ಮಾರ್ಗಗಳ ಕೊನೆಗಳಲ್ಲಿ ಚಾಲಕರಿಗೆ ಶೌಚಾಲಯ ಕಟ್ಟಲು ಹಣ ತೆಗೆದಿಟ್ಟರು. ಶೌಚಾಲಯ ಹೇಗೆ ಸುರಕ್ಷತೆಯ ವಿಷಯ ಎಂದು ಕೇಳುವವರು ಒಮ್ಮೆ ನಮ್ಮ ನಿರ್ವಾಹಕಿಯರನ್ನು ಮಾತನಾಡಿಸಬೇಕು. ಎಷ್ಟೋ ಮಾರ್ಗಗಳ ಕೊನೆಯ ನಿಲ್ದಾಣ ಎಂದರೆ ಒಂದು ಟೀ ಅಂಗಡಿ, ಒಂದು ಹುಣಸೆಮರ. ಬೆಳಗ್ಗೆ ಮನೆ ಬಿಟ್ಟ ಹೆಣ್ಣುಮಗಳು ಮಧ್ಯಾಹ್ನದವರೆಗೆ ನೀರು ಕುಡಿಯುವುದನ್ನೇ ಬಿಡುತ್ತಾಳೆ. ಉರಿಬಿಸಿಲಿನಲ್ಲಿ, ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ, ನೀರು ಕುಡಿಯದೆ ಏಳೆಂಟು ಗಂಟೆ ನಿಂತು ಟಿಕೆಟ್ ಕೊಡುತ್ತಾಳೆ. ತಲೆ ಸುತ್ತಿ ಬಿದ್ದರೆ ಅದನ್ನು ಯಾವ ಅಪಘಾತದ ಪಟ್ಟಿಯಲ್ಲೂ ಬರೆಯುವುದಿಲ್ಲ.

ಕೂತು ಕೆಲಸ ಮಾಡುವವರ ಕಷ್ಟ ಇನ್ನೊಂದು. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಬಸ್ಸುಗಳ ಸಿಬ್ಬಂದಿಯ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ದಿನವಿಡೀ ಕೂತಿರುವ ಚಾಲಕರಿಗೆ, ಡಬಲ್ ಡೆಕ್ಕರ್ ಮೆಟ್ಟಿಲು ಹತ್ತಿ ಇಳಿಯುವ ನಿರ್ವಾಹಕರಿಗಿಂತ ಹೃದಯದ ಕಾಯಿಲೆ ಜಾಸ್ತಿ ಎಂದು ಅದು ತೋರಿಸಿತು. ಕೂತಿರುವುದು ಹೃದಯಕ್ಕೆ ಕೆಟ್ಟದ್ದು ಎಂದು ಜಗತ್ತು ಕಲಿತದ್ದು ಬಸ್ ಚಾಲಕರಿಂದ! ಎಪ್ಪತ್ತು ವರ್ಷದ ಮೇಲೆ, 2024ರ ನವೆಂಬರ್ 6ರಂದು, ನೆಲಮಂಗಲದಿಂದ ದಾಸನಪುರಕ್ಕೆ ಹೊರಟಿದ್ದ ಬಿಎಂಟಿಸಿ ಬಸ್ಸಿನ ಚಾಲಕ ಸ್ಟೀರಿಂಗ್ ಮುಂದೆಯೇ ಹೃದಯಾಘಾತದಿಂದ ಕುಸಿದರು. ನಿರ್ವಾಹಕರು ಹಾರಿ ಬಂದು ಬಸ್ಸು ನಿಲ್ಲಿಸಿದರು. ಆ ವಿಡಿಯೊ ನೀವೂ ನೋಡಿರಬಹುದು. ಪ್ರಯಾಣಿಕರು ಉಳಿದರು, ಚಾಲಕ ಉಳಿಯಲಿಲ್ಲ.

ನಿಗಮಗಳು ಸುಮ್ನೆ ಕೂತಿಲ್ಲ. ಜಯದೇವ ಸಂಸ್ಥೆಯ ಜೊತೆ ಸೇರಿ ಹೃದಯ ತಪಾಸಣೆ ಮಾಡಿಸಿದ್ದಾರೆ. ಕೆಎಸ್ಆರ್‌ಟಿಸಿ 2025ರ ಜನವರಿಯಲ್ಲಿ ಸಿಬ್ಬಂದಿ ಮತ್ತು ಕುಟುಂಬಕ್ಕೆ ಕ್ಯಾಶ್‌ಲೆಸ್ ಚಿಕಿತ್ಸೆಯ "ಆರೋಗ್ಯ" ಯೋಜನೆ ತಂದಿತು. ಅದಕ್ಕೂ ಮೊದಲು 1 ಕೋಟಿ ರೂಪಾಯಿ ಅಪಘಾತ ವಿಮೆ ತಂದಿತ್ತು. ಇವು ನಿಜವಾಗಿಯೂ ದೊಡ್ಡ ಹೆಜ್ಜೆಗಳು. ಆದರೆ ತಪಾಸಣೆಯಲ್ಲಿ ಬಿಪಿ ಜಾಸ್ತಿ ಎಂದು ಬಂದ ಮರುದಿನ ಏನು? ಡ್ರೈವಿಂಗ್ ತಪ್ಪಿಸಿ ಬೇರೆ ಕೆಲಸಕ್ಕೆ ಹಾಕಿದರೆ ಭತ್ಯೆ ಹೋಗುತ್ತದೆ, ಓಟಿ ಹೋಗುತ್ತದೆ, ಕೊನೆಗೆ ಅನರ್ಹ ಎಂದು ಮನೆಗೇ ಕಳಿಸಿದರೆ? ಈ ಭಯ ಇರುವ ತನಕ ಚಾಲಕರು ಎದೆನೋವನ್ನು ಗ್ಯಾಸ್ಟ್ರಿಕ್ ಎಂದೇ ಹೇಳುತ್ತಾರೆ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಹತ್ತಿರದ ಒಂದು ತೀರ್ಪು ಕೊಟ್ಟಿತು. ಬಣ್ಣ ಗುರುತಿಸುವ ತೊಂದರೆ ಇದೆ ಎಂದು ನಿವೃತ್ತಿ ಮಾಡಿಸಿದ್ದ ಚಾಲಕರಿಗೆ ತೆಲಂಗಾಣದ ಸಾರಿಗೆ ಸಂಸ್ಥೆ ಬೇರೆ ಕೆಲಸ ಕೊಡಲೇಬೇಕು ಎಂದಿತು. ಅಷ್ಟಾಗಲು ಆ ಮನುಷ್ಯ ವರ್ಷಗಟ್ಟಲೆ ಅಲೆಯಬೇಕಾಯಿತು. ಸಂಬಳ ಕಡಿಮೆಯಾಗದೆ ಬೇರೆ ಕೆಲಸ ಸಿಗುತ್ತದೆ ಎಂಬ ಖಾತ್ರಿಯನ್ನು ತಪಾಸಣೆಗೆ ಕರೆಯುವ ಚೀಟಿಯಲ್ಲೇ ಬರೆದು ಕೊಟ್ಟರೆ ಜನ ತಾವಾಗಿ ಬಂದು ಎದೆ ತೋರಿಸುತ್ತಾರೆ.

ಹೊರಗಿನವರ ಹೊಡೆತದ ಬಗ್ಗೆಯೂ ಹೇಳಬೇಕು. 2024ರ ಅಕ್ಟೋಬರ್ 1ರಂದು ವೈಟ್‌ಫೀಲ್ಡ್ ಕಡೆ ಬಿಎಂಟಿಸಿ ನಿರ್ವಾಹಕರೊಬ್ಬರಿಗೆ ಪ್ರಯಾಣಿಕನೊಬ್ಬ ಚಾಕು ಹಾಕಿದ. ಬೀಳುತ್ತೀರಿ, ಬಾಗಿಲ ಹತ್ತಿರ ನಿಲ್ಲಬೇಡಿ ಎಂದು ಅವರು ಹೇಳಿದ್ದೇ ಕಾರಣ. ಪ್ರಯಾಣಿಕನ ಜೀವ ಕಾಯಲು ಹೇಳಿದ ಮಾತು ಅದು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಾಲ್ಕು ನಿಗಮಗಳಲ್ಲಿ ದಿನಕ್ಕೆ ಒಂದು ಕೋಟಿಗೂ ಹೆಚ್ಚು ಜನ ಓಡಾಡುತ್ತಿದ್ದಾರೆ. ಹೆಣ್ಣುಮಕ್ಕಳಿಗೆ ಅದು ಎಷ್ಟು ದೊಡ್ಡ ಬಿಡುಗಡೆ ಎಂಬುದನ್ನು ನನ್ನ ಮನೆಯಲ್ಲೇ ಕಂಡಿದ್ದೇನೆ. ಆದರೆ 2016ರ ನಂತರ ವರ್ಷಗಟ್ಟಲೆ ನೇಮಕಾತಿ ನಿಂತಿದ್ದ ಸಂಸ್ಥೆಗಳ ಮೇಲೆ ಆ ಜನಸಂದಣಿ ಬಂತು. ಬಾಗಿಲಲ್ಲಿ ನೇತಾಡುವವರು, ಆಧಾರ್ ಕಾರ್ಡು ತೋರಿಸಲ್ಲ ಎನ್ನುವವರು, ನಿಲ್ಲಿಸಲಿಲ್ಲ ಎಂದು ಕಲ್ಲು ಎತ್ತುವವರು ಎಲ್ಲರ ಕೋಪಕ್ಕೂ ಎದುರಿಗೆ ಸಿಗುವುದು ಖಾಕಿ ಹಾಕಿದ ಅದೇ ಇಬ್ಬರು. ಹಲ್ಲೆಯಾದ ನಿರ್ವಾಹಕರು ಠಾಣೆಗೆ ಒಬ್ಬರೇ ಹೋಗಬಾರದು. ಡಿಪೋದಿಂದ ಒಬ್ಬ ಅಧಿಕಾರಿ ಜೊತೆಗೆ ಹೋಗಬೇಕು, ಠಾಣೆ ಕೋರ್ಟಿಗೆ ಅಲೆಯುವ ದಿನಗಳನ್ನು ರಜೆಯಲ್ಲಿ ಹಿಡಿಯದೆ ಡ್ಯೂಟಿ ಎಂದೇ ಬರೆಯಬೇಕು. ಇಷ್ಟಾದರೂ ಆದರೆ ತಮ್ಮ ಬೆನ್ನಿಗೆ ಯಾರೋ ಇದ್ದಾರೆ ಎಂದು ಅವರಿಗೆ ಅನ್ನಿಸುತ್ತದೆ.

ಎಲ್ಲಕ್ಕಿಂತ ನನ್ನನ್ನು ಈಗ ಕಾಡುತ್ತಿರುವುದು ಮುಂದಿನ ದಿನಗಳು. ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಬಸ್ಸುಗಳು ಬರುತ್ತಿರುವುದು ಗುತ್ತಿಗೆಯ ಮೇಲೆ. ಬಸ್ಸು ಮತ್ತು ಚಾಲಕ ಖಾಸಗಿ ಕಂಪನಿಯವರು, ನಿರ್ವಾಹಕ ಬಿಎಂಟಿಸಿಯವರು, ದುಡ್ಡು ಓಡಿದ ಕಿಲೋಮೀಟರಿನ ಲೆಕ್ಕದಲ್ಲಿ. ಒಂದೇ ಬಸ್ಸಿನಲ್ಲಿ ಇಬ್ಬರಿಗೆ ಇಬ್ಬರು ಧಣಿಗಳು. ಚಾಲಕನಿಗೆ ಪದಕವಿಲ್ಲ, ನಿಗಮದ ವಿಮೆಯಿಲ್ಲ. ಬ್ರೇಕ್ ಸರಿಯಿಲ್ಲ ಎಂದು ಅವನು ಯಾರಿಗೆ ಹೇಳಬೇಕು? ಹೇಳಿ ಬಸ್ಸು ನಿಂತರೆ ಕಿಲೋಮೀಟರ್ ಹೋಗುತ್ತದೆ, ಕಂಪನಿಯ ದುಡ್ಡು ಹೋಗುತ್ತದೆ, ಅವನ ಕೆಲಸ ಕಾಯಂ ಅಲ್ಲ. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬೆಂಗಳೂರಿಗೆ 4,500 ಬಸ್ಸು ಹಂಚಿಕೆಯಾಗಿದೆ. ಇಂಥ ಕರಾರುಗಳು 12 ವರ್ಷದವು. ಅದರಲ್ಲಿ ಏನು ಬರೆದಿರುತ್ತದೋ ಅದೇ 12 ವರ್ಷ ನಡೆಯುತ್ತದೆ. ಬಸ್ಸುಗಳನ್ನು ರಾತ್ರಿ ಎಲ್ಲಿ ನಿಲ್ಲಿಸಿ ಚಾರ್ಜ್ ಮಾಡಬೇಕು ಎಂದು ಆ ಕರಾರಿನಲ್ಲಿ ಬರೆಯದೆ ಇರುವುದಿಲ್ಲ. ಕೊನೆಯ ಟ್ರಿಪ್ ಮುಗಿಸಿದ ಚಾಲಕ, ನಿರ್ವಾಹಕರು ಎಲ್ಲಿ ಮಲಗಬೇಕು, ಅವರ ಬ್ಯಾಗಿಗೆ ಬೀಗದ ಕಪಾಟು ಯಾರು ಕೊಡಬೇಕು ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಲಿ.